ಹೊರಡಲಿರುವವನ ಕಾಯಕ

ಕಾಯಕವೆಂಬ ಮಾತು ಇಂದು ಎಲ್ಲರ ಬಾಯಲ್ಲಿಯೂ ಇದೆ. ಅದನ್ನು ಕೊಂಡಾಡದ ಸಭೆಯಿಲ್ಲ, ಸಮಾರಂಭವಿಲ್ಲ. ಮನಸ್ಸಿಗೆ ಒಪ್ಪಿದ ಊರಿನಲ್ಲಿ, ಬಂಧುಬಳಗದ ನಡುವೆ, ತಾನೇ ಆರಿಸಿಕೊಂಡ ಕೆಲಸವನ್ನು ಮಾಡುವವನಿಗೆ ಈ ಮಾತು ಹಗುರವಾಗಿಯೇ ತೋರುತ್ತದೆ. ಅದರ ತೂಕ ತಿಳಿಯಬೇಕಾದರೆ, ತಾನು ಬೇಡದ ಸ್ಥಳದಲ್ಲಿ, ‘ಈತ ಇಂದೋ ನಾಳೆಯೋ ಇಲ್ಲಿಂದ ಹೊರಡುವವನು’ ಎಂದು ತನಗೂ ಊರಿಗೂ ತಿಳಿದಿರುವಾಗ, ಒಬ್ಬನು ಹೇಗೆ ದುಡಿಯುತ್ತಾನೆಂಬುದನ್ನು ನೋಡಬೇಕು. ಶಾಶ್ವತವಾಗಿ ನಿಲ್ಲುವವನ ಕಾಯಕವನ್ನು ಕುರಿತು ಹಿರಿಯರು ಬಹಳ ಹೇಳಿದ್ದಾರೆ. ಹೊರಡಲಿರುವವನ ಕಾಯಕವೆಂಥದು? ತಾನು ಬಿಟ್ಟುಹೋಗುವ ಊರಿಗೆ ಆತನ ಋಣವೆಷ್ಟು?

ಈ ಪ್ರಶ್ನೆ ಇಂದು ಅನೇಕ ಸದ್ಭಕ್ತರ ಮನೆಗಳ ಒಳಗಿನ ಪ್ರಶ್ನೆಯೇ ಆಗಿದೆ. ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರಗಳ ಕಡೆಯ ತರುಣ ತರುಣಿಯರು ಶಿಕ್ಷಕ ತರಬೇತಿಯನ್ನು ಮುಗಿಸಿ, ಅರ್ಹತಾ ಪರೀಕ್ಷೆ, ನೇಮಕಾತಿ ಪರೀಕ್ಷೆಗಳನ್ನು ದಾಟಿ, ಸರ್ಕಾರಿ ಶಾಲೆಯ ಉಪಾಧ್ಯಾಯರಾಗುತ್ತಾರೆ. ನೇಮಕದ ಆದೇಶವನ್ನು ಬಿಡಿಸಿ ನೋಡಿದಾಗ ಅದರಲ್ಲಿ ಉಡುಪಿ ಜಿಲ್ಲೆಯ ಹೆಸರಿರುವುದುಂಟು. ಕುಂದಾಪುರದ, ಬೈಂದೂರಿನ ಅಥವಾ ಬ್ರಹ್ಮಾವರದ ಕಡೆಯ, ಅದುವರೆಗೆ ಕೇಳಿಯೂ ಅರಿಯದ ಒಂದು ಹಳ್ಳಿಯ ಹೆಸರಿರುವುದುಂಟು. ಘಟ್ಟದ ಮೇಲಿನಿಂದ ಬಂದ ಉಪಾಧ್ಯಾಯರು ಈ ಜಿಲ್ಲೆಯ ಶಾಲೆಗಳಲ್ಲಿ ಅಪರೂಪವಲ್ಲ. ಮನೆಯವರ ಸಂತೋಷ ಒಂದು ದಿನವಿರುತ್ತದೆ. ಮರುದಿನದಿಂದಲೇ ‘ವರ್ಗ ಎಂದು?’ ಎಂಬ ಮಾತು ಮೊದಲಾಗುತ್ತದೆ.

ಆ ಸೀಮೆಯನ್ನು ಅರಿಯದವರಿಗಾಗಿ ಎರಡು ಮಾತು. ಕುಂದಾಪುರವು ಹಳೆಯ ತಾಲ್ಲೂಕು. ಬೈಂದೂರು ಮತ್ತು ಬ್ರಹ್ಮಾವರಗಳು 2018ರಲ್ಲಿ ತಾಲ್ಲೂಕುಗಳಾದವು. ಮೂರೂ ಪೇಟೆಗಳು ಸಮುದ್ರದ ಮಗ್ಗುಲಲ್ಲಿ ಹಾದುಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಕೊಂಕಣ ರೈಲುಮಾರ್ಗವೂ ಸಮೀಪದಲ್ಲಿಯೇ ಸಾಗುತ್ತದೆ. ಇಷ್ಟನ್ನು ಕಂಡವನು ಇಲ್ಲಿ ದೂರದ ಹಳ್ಳಿಯೆಂಬುದು ಎಲ್ಲಿದೆ ಎಂದು ಕೇಳಬಹುದು. ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ, ಪಶ್ಚಿಮ ಘಟ್ಟದ ಅಡಿಯತ್ತ ಹೊರಟರೆ ಉತ್ತರ ದೊರೆಯುತ್ತದೆ. ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರುಗಳ ಕಡೆಗೆ ಹೋದಂತೆ ಕಾಡು ದಟ್ಟವಾಗುತ್ತದೆ, ಬಸ್ಸುಗಳು ವಿರಳವಾಗುತ್ತವೆ. ಬಯಲುಸೀಮೆಯಲ್ಲಿರುವಂತೆ ಮನೆಗಳು ಒಂದಕ್ಕೊಂದು ಗೋಡೆ ಹಚ್ಚಿಕೊಂಡು ನಿಂತಿರುವುದಿಲ್ಲ. ಒಂದು ಮನೆ ತೋಟದ ತುದಿಯಲ್ಲಿ, ಇನ್ನೊಂದು ಹೊಳೆಯ ಆಚೆ, ಮತ್ತೊಂದು ಗುಡ್ಡದ ಮಗ್ಗುಲಲ್ಲಿ. ಗದಗ ಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಇಲ್ಲಿ ಸುಮಾರು 4000 ಮಿಲಿಮೀಟರು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಶಾಲಾವರ್ಷವು ಆರಂಭವಾಗುವುದೂ ಮಳೆಯೊಡನೆಯೇ. ಹೊಸ ಉಪಾಧ್ಯಾಯನು ಊರನ್ನು ಮೊದಲು ಕಾಣುವುದು ಕೊಡೆಯ ಅಡಿಯಿಂದ.

ಜೋಳದ ರೊಟ್ಟಿಯ ಊರಿನಿಂದ ಕುಚ್ಚಲಕ್ಕಿ ಗಂಜಿಯ ಊರಿಗೆ ಬಂದವನಿಗೆ ಮೊದಲ ತಿಂಗಳುಗಳು ಸುಲಭವಲ್ಲ. ಬಾಡಿಗೆಗೆ ಕೋಣೆ ದೊರೆಯುವುದು ಪ್ರಯಾಸ. ತೊಳೆದ ಬಟ್ಟೆ ಒಣಗುವುದಿಲ್ಲ. ಇಷ್ಟಲಿಂಗಪೂಜೆಯನ್ನು ಬೆಳಗಿನಲ್ಲಿ ಮಾಡುವ ರೂಢಿಯುಳ್ಳ ಹುಡುಗಿಗೆ ತನ್ನ ಮನೆಯ ಆಚಾರವನ್ನು ಬಲ್ಲವರು ಸುತ್ತಿನಲ್ಲಿ ಯಾರೂ ಇಲ್ಲವೆಂಬ ಒಂಟಿತನ. ಇವನ್ನು ಅಲ್ಪವೆನ್ನಬಾರದು. ಅನುಭವಿಸಿದವರಿಗೇ ಅದರ ಭಾರ ಗೊತ್ತು.

ಆದುದರಿಂದ ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತನ್ನ ಊರಿಗೆ ಮರಳಬೇಕೆಂಬ ಆಶೆ ಪಾಪವಲ್ಲ. ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳಬೇಕೆಂಬುದೂ, ಪತಿಪತ್ನಿಯರು ಒಂದೆಡೆ ಬಾಳಬೇಕೆಂಬುದೂ ಧರ್ಮಸಮ್ಮತವಾದ ಇಚ್ಛೆಗಳೇ. ಬಸವಾದಿ ಶರಣರು ಸಂಸಾರವನ್ನು ತೊರೆದು ಕಾಡಿಗೆ ಹೋಗೆಂದು ಯಾರಿಗೂ ವಿಧಿಸಲಿಲ್ಲ. ಗೃಹಸ್ಥನ ಬಾಳನ್ನೇ ಸಾಧನೆಯ ನೆಲೆಯನ್ನಾಗಿ ಮಾಡಿದರು. ಸರ್ಕಾರವೂ ಉಪಾಧ್ಯಾಯರ ವರ್ಗಾವಣೆಗಾಗಿ 2007ರಲ್ಲಿ ಒಂದು ಕಾಯಿದೆಯನ್ನು, ಅನಂತರ 2020ರಲ್ಲಿ ಮತ್ತೊಂದನ್ನು ತಂದಿತು. ಎ, ಬಿ, ಸಿ ಎಂಬ ವಲಯಗಳು, ಸೇವಾವಧಿಯ ಲೆಕ್ಕ, ಕೌನ್ಸೆಲಿಂಗ್, ಪತಿಪತ್ನಿ ಪ್ರಕರಣಗಳಿಗೆ ಆದ್ಯತೆ — ಇವೆಲ್ಲ ಆ ವ್ಯವಸ್ಥೆಯ ಅಂಗಗಳು. ಕಾನೂನು ಕೊಟ್ಟ ಹಕ್ಕನ್ನು ಕೇಳಿದವನನ್ನು ಸ್ವಾರ್ಥಿಯೆಂದು ಜರೆಯುವುದು ನ್ಯಾಯವಲ್ಲ.

ಹಾಗಾದರೆ ದೋಷ ಎಲ್ಲಿ ಮೊದಲಾಗುತ್ತದೆ? ಹೋಗಬೇಕೆಂಬ ಆಶೆಯು ಇರುವ ಕಾಲವನ್ನು ನುಂಗತೊಡಗಿದಾಗ ಮೊದಲಾಗುತ್ತದೆ. ಉಪಾಧ್ಯಾಯನು ದಿನಗಳನ್ನು ಎಣಿಸುತ್ತಾನೆ. ಆತನ ಎಣಿಕೆಯಲ್ಲಿ ಅವು ಕಳೆಯಬೇಕಾದ ದಿನಗಳು. ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಆರು ವರ್ಷದ ಒಂದು ಮಗು ಕುಳಿತಿರುತ್ತದೆ. ಅದರ ಪಾಲಿಗೂ ಅವು ದಿನಗಳೇ. ಕಡ್ಡಾಯ ಶಿಕ್ಷಣದ ಹಕ್ಕಿನ 2009ರ ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನು ನಿಗದಿಮಾಡಿದೆ. ಅಕ್ಷರದ ಬಾಗಿಲು ತೆರೆಯುವ ಆ ಮೊದಲ ವರ್ಷದ 200 ದಿನಗಳು ಮಗುವಿನ ಜೀವಮಾನದಲ್ಲಿ ಒಂದೇ ಬಾರಿ ಬರುತ್ತವೆ. ಉಪಾಧ್ಯಾಯನಿಗೆ ಮುಂದೆ ಇನ್ನೊಂದು ಊರು ಇದೆ, ಇನ್ನೊಂದು ಶಾಲೆ ಇದೆ. ಮಗುವಿಗೆ ಇನ್ನೊಂದು ಒಂದನೆಯ ತರಗತಿ ಇಲ್ಲ. ಒಬ್ಬನು ಕಳೆದುಬಿಡಬೇಕೆಂದು ಎಣಿಸುವ ದಿನವೇ ಇನ್ನೊಬ್ಬರ ಬಾಳಿನ ಬುನಾದಿಯ ದಿನವಾಗಿದೆ. ಈ ಸತ್ಯವನ್ನು ಕಂಡುಕೊಂಡರೆ ಮಿಕ್ಕ ಪ್ರಶ್ನೆಗಳಿಗೆ ಉತ್ತರ ತಾನಾಗಿ ದೊರೆಯುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆತನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ನಾಡು ಸಾಮಾನ್ಯವಾಗಿ ದುರಾಶೆಯ ನಿರಾಕರಣೆಯೆಂದು ಓದಿಕೊಂಡಿದೆ. ಅದರೊಳಗೆ ಇನ್ನೊಂದು ಅರ್ಥವೂ ಅಡಗಿದೆ. ಮಾಡಿದ ಕಾಯಕಕ್ಕೂ ಪಡೆದ ಫಲಕ್ಕೂ ಸಮತೂಕವಿರಬೇಕು; ತೂಕ ತಪ್ಪಿದರೆ ಮನೆಗೆ ಬಂದ ಅಕ್ಕಿ ಪ್ರಸಾದವಾಗಲಾರದು. ತಿಂಗಳ ಕೊನೆಗೆ ಪೂರ್ಣ ಸಂಬಳವನ್ನು ಪಡೆದು, ಅರ್ಧ ಮನಸ್ಸನ್ನು ಮಾತ್ರ ತರಗತಿಗೆ ಕೊಟ್ಟವನ ಮನೆಯ ಅಕ್ಕಿಯಲ್ಲಿಯೂ ಅಂಥ ಒಂದು ಹೆಚ್ಚಿನ ಪಾಲು ಬೆರೆತಿದೆ. ಅದನ್ನು ಮರಳಿ ಸುರಿಯಲು ಅಂಗಳವಿಲ್ಲ, ಏಕೆಂದರೆ ಅದು ಕಳೆದುಹೋದ ಮಗುವಿನ ಕಾಲ. ಲಕ್ಕಮ್ಮನಂಥ ವಿವೇಕಿ ಮನೆಯಲ್ಲಿದ್ದರೆ ಅವಳು ಕೇಳುವ ಪ್ರಶ್ನೆ, ‘ವರ್ಗ ಎಂದು?’ ಎಂಬುದಕ್ಕಿಂತ ಮೊದಲು, ‘ಇಂದು ಏನು ಕಲಿಸಿದಿರಿ?’ ಎಂದಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮೂರು ನಾಲ್ಕು ವರ್ಷಗಳಲ್ಲಿ ಹೊರಟುಹೋಗುವವನಿಂದ ಏನಾದೀತು? ಊರಿನಲ್ಲಿ ಬೇರುಬಿಟ್ಟವನಿಂದ ಮಾತ್ರ ಶಾಲೆ ಬೆಳೆದೀತಲ್ಲವೆ? ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಶರಣಧರ್ಮವನ್ನು ಬಲ್ಲವರು ಇದನ್ನು ಪೂರ್ತಿಯಾಗಿ ಒಪ್ಪಲಾರರು. ಆ ಧರ್ಮವು ನಿಂತಿರುವುದಕ್ಕಿಂತ ಚಲಿಸುವುದಕ್ಕೆ ಹಿರಿಮೆಯನ್ನು ಕೊಟ್ಟಿದೆ. ಜಂಗಮವೆಂಬ ಹೆಸರೇ ಚಲನೆಯನ್ನು ಸೂಚಿಸುತ್ತದೆ. ಊರಿಂದೂರಿಗೆ ನಡೆಯುವ ಚರಜಂಗಮನು ಎಲ್ಲಿಯೂ ಬಹುಕಾಲ ನಿಲ್ಲುವವನಲ್ಲ. ಆದರೂ ನಿಂತಷ್ಟು ಹೊತ್ತು ಅರಿವನ್ನು ಪೂರ್ಣವಾಗಿ ನೀಡಿ ಹೋಗುತ್ತಾನೆ. ನಾಳೆ ಹೊರಡುವೆನೆಂಬ ಕಾರಣದಿಂದ ಇಂದಿನ ಬೋಧೆಯಲ್ಲಿ ಕೊರತೆ ಮಾಡುವುದಿಲ್ಲ. ಬಸ್ಸಿಗಾಗಿ ಕಾದು ಕುಳಿತ ಪಯಣಿಗನೂ ನಾಳೆ ಆ ಊರಿನಲ್ಲಿ ಇರುವುದಿಲ್ಲ, ಆದರೆ ಆತನ ಕಣ್ಣು ದಾರಿಯ ಮೇಲೆಯೇ ನೆಟ್ಟಿರುತ್ತದೆ. ಇಬ್ಬರೂ ಹೊರಡುವವರೇ. ಒಬ್ಬನು ಇದ್ದು ಹೋಗುತ್ತಾನೆ; ಇನ್ನೊಬ್ಬನು ಇರದೆಯೇ ಹೋಗುತ್ತಾನೆ. ಊರು ಉಪಾಧ್ಯಾಯನಿಂದ ಬೇಡುವುದು ಆಯುಷ್ಯವನ್ನಲ್ಲ. ಇರುವಷ್ಟು ದಿನದ ಇರವನ್ನು.

ನದಿಗಳ ಈ ಸೀಮೆಗೆ ಅಂಬಿಗರ ಚೌಡಯ್ಯನ ಕಾಯಕವು ಹತ್ತಿರದ ದೃಷ್ಟಾಂತ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ನದಿಗಳು ಗಂಗೊಳ್ಳಿಯ ಬಳಿ ಕೂಡಿ ಕಡಲನ್ನು ಸೇರುವ ಈ ನಾಡಿನಲ್ಲಿ ಸೇತುವೆಗಳು ಬರುವ ಮುನ್ನ ದೋಣಿಯೇ ದಾರಿಯಾಗಿತ್ತು. ಅಂಬಿಗನು ದಡ ಮುಟ್ಟಿದ ಮೇಲೆ ಆ ಕಡವನ್ನು ಬಿಟ್ಟು ಬೇರೆ ಕಡವಿಗೆ ಹೋಗಲು ಸ್ವತಂತ್ರನು. ನಡುಹೊಳೆಯಲ್ಲಿ ಹುಟ್ಟನ್ನು ಕೆಳಗಿಡಲು ಸ್ವತಂತ್ರನಲ್ಲ. ಶಾಲಾವರ್ಷವೆಂಬುದು ಒಂದು ಹೊಳೆ. ಜೂನ್‌ನಲ್ಲಿ ಮಕ್ಕಳನ್ನು ಹತ್ತಿಸಿಕೊಂಡವನು ವರ್ಷದ ಕೊನೆಯ ದಡವನ್ನು ಕಾಣಿಸಬೇಕು. ಆದೇಶವು ನಡುವೆಯೇ ಬಂದು ಹೊರಡಬೇಕಾದರೆ, ಹುಟ್ಟನ್ನು ಮುಂದಿನವರ ಕೈಗೆ ಸರಿಯಾಗಿ ಒಪ್ಪಿಸಬೇಕು: ಯಾವ ಮಗು ಓದಬಲ್ಲದು, ಯಾವುದು ಇನ್ನೂ ಕಾಗುಣಿತದಲ್ಲಿ ತೊಡರುತ್ತಿದೆ, ಯಾವುದಕ್ಕೆ ಹಲಗೆಯ ಮೇಲಿನ ಅಕ್ಷರ ಕಾಣಿಸುವುದಿಲ್ಲ, ಯಾವುದರ ಮನೆ ಹೊಳೆಯ ಆಚೆಗಿದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ಹೋಗುವುದು ದೊಡ್ಡ ಕೆಲಸವೇನಲ್ಲ. ಆದರೆ ಹೊಸದಾಗಿ ಬಂದವರಿಗೆ ಅದು ಮೂರು ತಿಂಗಳ ತಡಕಾಟವನ್ನು ಉಳಿಸುತ್ತದೆ.

ದೂರದ ಶಾಲೆಯಲ್ಲಿ ಮಾಡಿದ ಕೆಲಸವು ಯಾರ ಕಣ್ಣಿಗೂ ಬೀಳದೆ ವ್ಯರ್ಥವಾಗುತ್ತದೆಂಬ ಭಾವನೆಯೂ ಸರಿಯಲ್ಲ. ಇಂದು ಕನ್ನಡ ನಾಡಿನ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಎಂಬ ಪದ್ಧತಿಯ ಹೆಸರನ್ನು ಕೇಳದವರಿಲ್ಲ. ಅದು ಹುಟ್ಟಿದ್ದು ರಾಜಧಾನಿಯಲ್ಲಲ್ಲ. ಮೈಸೂರು ಜಿಲ್ಲೆಯ ಕಾಡಿನಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ, ಅಲ್ಲಿಯ ಉಪಾಧ್ಯಾಯರೇ ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನೊಡನೆ, ಕನ್ನಡದ ಮಕ್ಕಳಿಗೆ ಒಪ್ಪುವಂತೆ ಅದನ್ನು ರೂಪಿಸಿದರು. ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುವುದು ಎಲ್ಲರಿಗೂ ಕೊರತೆಯಾಗಿ ಕಂಡಿತ್ತು. ಅವರು ಆ ಸ್ಥಿತಿಯನ್ನೇ ಅಡಿಪಾಯವಾಗಿ ಮಾಡಿಕೊಂಡು, ಮಗುವು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುವಂತೆ ಮಾಡಿದರು. 2009-10ರಿಂದ ಆ ಪದ್ಧತಿಯು ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ಇಂದು ಅಮಾಸೆಬೈಲಿನ ಕಡೆಯ ಶಾಲೆಗೆ ಬಂದ ಹೊಸ ಉಪಾಧ್ಯಾಯಿನಿಯ ಕೈಯಲ್ಲಿರುವ ಕಾರ್ಡು ಅಂಥದೇ ಒಂದು ದೂರದ ಊರಿನಲ್ಲಿ ದುಡಿದವರ ದಾಸೋಹ. ಪದ್ಧತಿಯಲ್ಲಿ ಕುಂದುಗಳನ್ನು ಕಾಣುವವರಿದ್ದಾರೆ. ಅದು ಬೇರೆಯ ಚರ್ಚೆ. ಕಾಡಂಚಿನ ಕೋಣೆಯಲ್ಲಿ ಮನಸ್ಸಿಟ್ಟು ಮಾಡಿದ್ದು ನಾಡನ್ನೇ ಮುಟ್ಟಬಲ್ಲದೆಂಬುದಂತೂ ನಿಜ.

ದಾಸೋಹವೆಂಬ ಮಾತು ಬಂದಿತು. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಡುವ ಯೋಜನೆಗೆ ಕರ್ನಾಟಕ ಸರ್ಕಾರವು ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿದೆ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಅದು ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ಶರಣರ ಮಾತು ಪ್ರತಿದಿನವೂ ಶಾಲೆಯ ಅಡಿಗೆಕೋಣೆಯ ಗೋಡೆಯ ಮೇಲಿದೆ. ಅನ್ನವನ್ನು ಬಡಿಸುವಾಗ ‘ಇದು ನನ್ನದು’ ಎಂಬ ಭಾವವು ದಾಸೋಹಿಗೆ ಇರಕೂಡದೆಂದು ಶರಣರು ಬಯಸಿದರು. ಅಕ್ಷರವನ್ನು ಬಡಿಸುವಾಗಲೂ ಇದೇ ನಿಯಮ. ‘ಈ ಮಕ್ಕಳು ನನ್ನ ಊರಿನವರಲ್ಲ’ ಎಂಬ ಭೇದವು ಬಡಿಸುವ ಕೈಯಲ್ಲಿ ಇರಬಾರದು.

ಈ ಭೇದವು ಮೊಟ್ಟಮೊದಲು ತಲೆಯೆತ್ತುವುದು ಮಾತಿನಲ್ಲಿ. ಕುಂದಾಪುರ ಸೀಮೆಯ ಕನ್ನಡಕ್ಕೆ ತನ್ನದೇ ಆದ ಜಾಡಿದೆ. ಅಲ್ಲಿ ಹೋಗಬೇಕು ಎಂಬುದು ‘ಹೋಯ್ಕ್’ ಆಗುತ್ತದೆ, ಬರಬೇಕು ಎಂಬುದು ‘ಬರ್ಕ್’ ಆಗುತ್ತದೆ, ಹುಡುಗನು ‘ಮಾಣಿ’ಯಾಗುತ್ತಾನೆ. ‘ಹಾಡಿ’ ಎಂದರೆ ಮರಗಳ ತೋಪು. ‘ಬೈಲು’ ಎಂದರೆ ನೀರು ನಿಲ್ಲುವ ಭತ್ತದ ಗದ್ದೆಗಳ ಹರವು. ಗದಗಿನವನಿಗೆ ಬಯಲು ಎಂದರೆ ಕಣ್ಣು ಹರಿಯುವಷ್ಟು ದೂರದ ಎರೆಯ ನೆಲ. ಹೊಸದಾಗಿ ಬಂದವನಿಗೆ ಮಗುವಿನ ಮಾತು ತಿಳಿಯದಿರಬಹುದು. ತಿಳಿಯದಿರುವುದು ತಪ್ಪಲ್ಲ. ತಿಳಿಯದೆ ನಗುವುದು ತಪ್ಪು. ‘ಸರಿಯಾದ ಕನ್ನಡ ಮಾತಾಡು’ ಎಂದು ಗದರಿಸುವುದು ಇನ್ನೂ ದೊಡ್ಡ ತಪ್ಪು. ತಾಯಿಯಿಂದ ಕಲಿತ ನುಡಿಯೇ ತಪ್ಪೆಂದು ಕೇಳಿದ ಮಗುವು ಮರುದಿನದಿಂದ ಬಾಯಿ ತೆರೆಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಮಾಡಿದ ಮಹತ್ಕಾರ್ಯಗಳಲ್ಲಿ ಒಂದು ಯಾವುದು? ಅಗಸನೂ ಅಂಬಿಗನೂ ಹಗ್ಗ ಹೊಸೆಯುವವನೂ ತಮ್ಮ ಮನೆಯ ಮಾತಿನಲ್ಲಿಯೇ ಪರಮಾರ್ಥವನ್ನು ನುಡಿಯಬಹುದೆಂದು ತೋರಿಸಿದುದು. ಆ ಪರಂಪರೆಯ ಮನೆಯಿಂದ ಹೊರಟವನು ಇನ್ನೊಬ್ಬರ ಮನೆಮಾತನ್ನು ಕೀಳೆಂದು ಎಣಿಸಿದರೆ, ಆತನು ವಚನಗಳನ್ನು ಬಾಯಿಪಾಠ ಮಾಡಿದ್ದಾನೆಯೇ ಹೊರತು ಓದಿಲ್ಲ. ಗ್ರಂಥಭಾಷೆಯನ್ನು ಕಲಿಸುವುದು ಉಪಾಧ್ಯಾಯನ ಕರ್ತವ್ಯವೇ ಸರಿ. ಮಗುವಿನ ನುಡಿಯಿಂದ ಗ್ರಂಥದ ನುಡಿಗೆ ಮೆಟ್ಟಿಲನ್ನು ಕಟ್ಟಬೇಕಾದರೆ ಆತನು ಮೊದಲು ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಬೇಕು. ಮೊದಲ ತಿಂಗಳು ಮಕ್ಕಳಿಂದ ದಿನಕ್ಕೆ ಐದು ಮಾತುಗಳನ್ನು ಕಲಿತುಕೊಂಡ ಉಪಾಧ್ಯಾಯನು, ಎರಡನೆಯ ತಿಂಗಳು ಅವರಿಗೆ ಐವತ್ತನ್ನು ಕಲಿಸಬಲ್ಲನು.

ಮತ್ತೊಂದು ಆಕ್ಷೇಪವು ಇನ್ನೂ ಗಂಭೀರವಾದುದು. ಕಾಯಕದ ಹೆಸರು ಹೇಳಿ ಎಲ್ಲ ಭಾರವನ್ನೂ ಉಪಾಧ್ಯಾಯನ ತಲೆಯ ಮೇಲೆ ಹೊರಿಸಿದರೆ, ಸರ್ಕಾರದ ಮತ್ತು ಸಮಾಜದ ಹೊಣೆ ಎಲ್ಲಿ ಹೋಯಿತು? ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರು. ತರಗತಿಗಳು ಮಾತ್ರ ಐದು. ಒಬ್ಬರು ಸಭೆಗೋ ತರಬೇತಿಗೋ ಹೋದರೆ ಉಳಿದವರು ಒಬ್ಬರೇ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹರಿಯುತ್ತವೆ. ಎಷ್ಟೋ ಕಡೆ ಅವನ್ನು ದಾಟಲು ಮರದ ದಿಮ್ಮಿಗಳನ್ನೋ ಅಡಿಕೆಯ ಮರಗಳನ್ನೋ ಅಡ್ಡ ಹಾಕಿದ ಕಾಲುಸಂಕಗಳೇ ಗತಿ. 2022ರ ಆಗಸ್ಟ್ ತಿಂಗಳಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಇಂಥ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಆ ಮಗುವಿನ ಪಾಠ ಅಂದಿಗೇ ಮುಗಿಯಿತು. ಯಾವ ಉಪಾಧ್ಯಾಯನ ಕಾಯಕನಿಷ್ಠೆಯೂ ಆ ಹಳ್ಳದ ಮೇಲೆ ಸೇತುವೆಯಾಗಿ ನಿಲ್ಲಲಾರದು.

ಈ ಆಕ್ಷೇಪವು ನ್ಯಾಯವಾದುದು, ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಯಕವೆಂದರೆ ಬಾಯಿ ಮುಚ್ಚಿಕೊಂಡು ಸಹಿಸುವುದೆಂದು ಶರಣರು ಎಲ್ಲಿ ಹೇಳಿದರು? ಕಲ್ಯಾಣದ ಶರಣರು ಅನ್ಯಾಯವನ್ನು ಕಂಡು ಸುಮ್ಮನಿದ್ದವರಲ್ಲ. ಅದಕ್ಕಾಗಿ ಅವರು ತೆತ್ತ ಬೆಲೆಯನ್ನು ಇತಿಹಾಸ ಬಲ್ಲದು. ಮಳೆ ಜೋರಾದ ದಿನ ಹೊಳೆಯಾಚೆಯ ಮಕ್ಕಳನ್ನು ಹೊತ್ತಿಗೆ ಮುನ್ನವೇ ಯಾರ ಜೊತೆಯಲ್ಲಿ ಕಳುಹಿಸಬೇಕೆಂದು ಯೋಚಿಸುವುದು ಉಪಾಧ್ಯಾಯನ ಕಾಯಕ. ಕಾಲುಸಂಕದ ಸ್ಥಿತಿಯನ್ನು ಗ್ರಾಮಪಂಚಾಯಿತಿಗೆ ಬರೆಯುವುದೂ, ಉತ್ತರ ಬಾರದಿದ್ದರೆ ತಾಲ್ಲೂಕು ಕಚೇರಿಗೆ ಬರೆಯುವುದೂ, ಶಾಲಾಭಿವೃದ್ಧಿ ಸಮಿತಿಯ ತಂದೆತಾಯಿಗಳನ್ನು ಅದಕ್ಕಾಗಿ ಕೂಡಿಸುವುದೂ ಕಾಯಕವೇ. ಹೊರಗಿನಿಂದ ಬಂದವನಿಗೆ ಇಲ್ಲಿ ಒಂದು ಅನುಕೂಲವುಂಟು. ಊರಿನವರು ರೂಢಿಯಿಂದ ಕಾಣದೆ ಹೋದ ಅಪಾಯವು ಆತನ ಹೊಸ ಕಣ್ಣಿಗೆ ಕಾಣುತ್ತದೆ. ಆ ಹೊಸ ಕಣ್ಣು ಮಂಜಾಗುವ ಮುನ್ನ ಅದು ಕಂಡುದನ್ನು ಬರೆದಿಡಬೇಕು.

ಇನ್ನು ಗೃಹಸ್ಥರ ಮಾತು. ಮಗನೋ ಮಗಳೋ ಕರಾವಳಿಯ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿರುವ ಮನೆಗಳಲ್ಲಿ ದೂರವಾಣಿಯ ಮಾತು ಪ್ರತಿದಿನವೂ ವರ್ಗಾವಣೆಯಿಂದಲೇ ಮೊದಲಾಗುವುದುಂಟು. ಅಕ್ಕರೆಯಿಂದಲೇ ಬರುವ ಮಾತದು. ಆದರೆ ದಿನವೂ ಅದನ್ನೇ ಕೇಳಿದ ತರುಣ ಮನಸ್ಸು ತಾನಿರುವ ಸ್ಥಳವನ್ನು ಶಿಕ್ಷೆಯ ಸ್ಥಳವೆಂದು ಎಣಿಸತೊಡಗುತ್ತದೆ. ಆ ಭಾವವು ತರಗತಿಯ ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ. ತಂದೆತಾಯಿಗಳು ವಾರಕ್ಕೊಮ್ಮೆಯಾದರೂ ಆ ಶಾಲೆಯ ಮಕ್ಕಳನ್ನು ವಿಚಾರಿಸಲಿ, ಅವರ ಹೆಸರುಗಳನ್ನು ಕೇಳಲಿ. ಒಂದು ರಜೆಯಲ್ಲಿ ತಾವೇ ಘಟ್ಟವಿಳಿದು ಹೋಗಿ ಆ ಊರನ್ನು ನೋಡಿ ಬರಲಿ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಹೊರುವ ಕಾಯಕವನ್ನು ಕೈಗೊಂಡನೆಂದು ಪರಂಪರೆಯು ಕೊಂಡಾಡುವ ಮೋಳಿಗೆಯ ಮಾರಯ್ಯನನ್ನು ಆ ಊರು ಪರದೇಶಿಯೆಂದು ದೂರವಿಡಲಿಲ್ಲ. ಕುಂದಾಪುರ ಸೀಮೆಯ ಊರವರಿಗೂ ಈ ಮಾತು ಸಲ್ಲುತ್ತದೆ. ಘಟ್ಟದ ಮೇಲಿನಿಂದ ಬಂದ ಹುಡುಗಿಗೆ ಒಂದು ಕೋಣೆಯನ್ನು, ಮಳೆಯ ದಿನ ಒಂದು ಲೋಟ ಬಿಸಿನೀರನ್ನು ಕೊಟ್ಟ ಮನೆಯು ತನ್ನ ಮಕ್ಕಳ ವಿದ್ಯೆಗೇ ಎಣ್ಣೆಯೆರೆದಂತಾಯಿತು.

ಇಷ್ಟು ವಿವೇಚಿಸಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಕಠಿಣವಾಗಿ ಉಳಿಯುವುದಿಲ್ಲ. ಬಿಟ್ಟುಹೋಗುವ ಊರಿಗೆ ಉಪಾಧ್ಯಾಯನ ಋಣವು ಶಾಶ್ವತವಾಗಿ ಉಳಿಯುವುದರಲ್ಲಿಲ್ಲ. ಪ್ರತಿ ಬೆಳಿಗ್ಗೆ ಹಾಜರಿ ಪುಸ್ತಕವನ್ನು ತೆರೆದು ಮಕ್ಕಳ ಹೆಸರನ್ನು ಕೂಗುವಾಗ, ಪ್ರತಿಯೊಂದು ‘ಬಂದಿದ್ದೇನೆ’ ಎಂಬ ಉತ್ತರಕ್ಕೂ ತಾನೂ ಬಂದಿದ್ದೇನೆಂದು ಮನಸ್ಸಿನಲ್ಲಿ ಒಪ್ಪಿಕೊಳ್ಳಬಲ್ಲವನು ಆ ದಿನದ ಋಣವನ್ನು ಆ ದಿನವೇ ತೀರಿಸುತ್ತಾನೆ. ಅಂಥವನಿಗೆ ವರ್ಗಾವಣೆಯ ಆದೇಶವು ಬಂದಾಗ ಸಂತೋಷದಿಂದ ಹೊರಡಲಿ. ಹೊರಡುವ ಹಕ್ಕನ್ನು ಆತನು ಗಳಿಸಿಕೊಂಡಿದ್ದಾನೆ. ಆತನಿಂದ ಅಕ್ಷರ ಕಲಿತ ಮಗುವು ಮುಂದೆ ಆತನ ಹೆಸರನ್ನು ಮರೆಯಬಹುದು. ಓದುವುದನ್ನು ಮಾತ್ರ ಮರೆಯದು. ಕಾಯಕಜೀವಿಗೆ ಅಷ್ಟು ಫಲ ಸಾಕು.